ಐಸ್ ಕಟ್ಟಿದ ಏಸಿ ಯಾಕೆ ತಂಪು ಕೊಡುವುದಿಲ್ಲ?

ಬೇಸಿಗೆಯ ಒಂದು ರಾತ್ರಿ ನಮ್ಮ ಮನೆಯ ಏಸಿ ಕೈಕೊಟ್ಟಿತು. ಗಾಳಿ ಸಣ್ಣಗೆ ಬರುತ್ತಿತ್ತು, ಕೋಣೆ ಮಾತ್ರ ತಣ್ಣಗಾಗಲಿಲ್ಲ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಕಾಯಿಲ್, ಅಂದರೆ ಸುರುಳಿ ಪೈಪಿನ ತುಂಬಾ ಬಿಳಿ ಐಸ್! ಐಸ್ ಕಟ್ಟುವಷ್ಟು ತಣ್ಣಗಿರುವ ಯಂತ್ರಕ್ಕೆ ಒಂದು ಕೋಣೆ ತಂಪು ಮಾಡಲು ಆಗುವುದಿಲ್ಲ ಅಂದರೆ ಏನರ್ಥ?

ಕಾರಣ ಫಿಲ್ಟರಿನಲ್ಲಿತ್ತು. ಅದರ ಮೇಲೆ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಏಸಿ ಆರಿಸಿ ಐಸ್ ಕರಗಲು ಬಿಟ್ಟೆ. ಫಿಲ್ಟರ್ ತೊಳೆದು ಒಣಗಿಸಿ ಹಾಕಿದೆ. ಯಂತ್ರ ಮೊದಲಿನಂತಾಯಿತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಧೂಳಿಗೂ ಐಸಿಗೂ ಏನು ಸಂಬಂಧ ಎಂದು ತಿಳಿಯುವ ಆಸೆ ಬಿಡಲಿಲ್ಲ. ಅದು ತಿಳಿದರೆ ಏಸಿಯ ಅರ್ಧಕ್ಕರ್ಧ ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ.

ಏಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುತ್ತದೆ ಅಲ್ವಾ? ದ್ರವ ಆವಿಯಾಗಲು ಶಾಖ ಬೇಕು, ಅದನ್ನು ನಮ್ಮ ಚರ್ಮದಿಂದ ಎಳೆದುಕೊಳ್ಳುತ್ತದೆ. ಏಸಿಯೊಳಗೂ ಇದೇ ನಡೆಯುತ್ತದೆ, ಬೆವರಿನ ಜಾಗದಲ್ಲಿ ನಾವು ಗ್ಯಾಸ್ ಎಂದು ಕರೆಯುವ ವಸ್ತು ಇರುತ್ತದೆ. ಈಗ ತುಂಬಾ ಏಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್, ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಒತ್ತಡ ಹೆಚ್ಚಿಸಿದರೆ ಕುದಿಯುವ ಬಿಂದು ಮೇಲೇರುತ್ತದೆ, ಇಳಿಸಿದರೆ ಕೆಳಗಿಳಿಯುತ್ತದೆ. ಇಡೀ ಯಂತ್ರ ನಿಂತಿರುವುದು ಈ ಒಂದು ಗುಣದ ಮೇಲೆ. ಒಳಗಿನ ಕಾಯಿಲ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ಗ್ಯಾಸ್ ಕುದಿದು ಕೋಣೆಯ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಗಾಳಿಗಿಂತಲೂ ಬಿಸಿ ಮಾಡುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಕಿರಿದಾದ ದಾರಿಯಲ್ಲಿ ನುಗ್ಗಿ ಒತ್ತಡ ಕಳೆದುಕೊಂಡು ಒಳಗೆ ಬರುತ್ತದೆ. ಮತ್ತೆ ಅದೇ ಸುತ್ತು.

ಈಗ ಫಿಲ್ಟರ್ ಕಟ್ಟಿಕೊಂಡಿದೆ ಅಂದುಕೊಳ್ಳಿ. ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಯಿತು. ಗ್ಯಾಸಿಗೆ ಕುದಿಯಲು ಬೇಕಾದಷ್ಟು ಶಾಖ ಸಿಗಲಿಲ್ಲ. ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಿತು. ಗಾಳಿಯ ತೇವ ಅದರ ಮೇಲೆ ನೀರಾಗಿ ಹರಿದುಹೋಗುವ ಬದಲು ಐಸಾಗಿ ಕೂತಿತು. ಐಸ್ ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚಿತು. ಹೀಗೆ ಒಂದನ್ನೊಂದು ಬೆಳೆಸುತ್ತಾ ಹೋಗುತ್ತವೆ. ತಂಪು ಅಲ್ಲೇ ಇದೆ, ಕೋಣೆಯ ಶಾಖಕ್ಕೆ ಅದರ ಹತ್ತಿರ ಹೋಗಲು ದಾರಿಯಿಲ್ಲ.

ಐಸ್ ಕಟ್ಟಲು ಇನ್ನೊಂದು ಕಾರಣವೂ ಇದೆ: ಗ್ಯಾಸ್ ಸೋರಿಕೆ. ಗ್ಯಾಸ್ ಕಮ್ಮಿಯಾದರೆ ಒತ್ತಡ ಇಳಿಯುತ್ತದೆ, ಕುದಿಯುವ ಬಿಂದುವೂ ಇಳಿಯುತ್ತದೆ, ಕಾಯಿಲಿನ ಒಂದು ಭಾಗ ಹೆಪ್ಪುಗಟ್ಟುತ್ತದೆ. ಹಾಗಾಗಿ ಮೊದಲು ಫಿಲ್ಟರ್ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಐಸನ್ನು ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆತ್ತಬೇಡಿ. ತೆಳು ಪೈಪಿಗೆ ಒಂದು ತೂತು ಬಿದ್ದರೆ ಸಾಕು, ಇಲ್ಲದ ಸೋರಿಕೆಯನ್ನು ನಾವೇ ತಂದುಕೊಂಡ ಹಾಗೆ.

ಗ್ಯಾಸ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ವರ್ಷಾ ವರ್ಷ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಬೆಸುಗೆ ಹಾಕಬೇಕು. ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ವ್ಯಾಕ್ಯೂಮ್ ಪಂಪಿನಿಂದ ತೆಗೆಯಬೇಕು. ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಬೇಕು. ಸುಮ್ನೆ ಮೇಲಿಂದ ಮೇಲೆ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ.

ಸೋರಿದ ಗ್ಯಾಸ್ ಎಲ್ಲಿ ಹೋಗುತ್ತದೆ ಎನ್ನುವುದೂ ನನಗೆ ದೊಡ್ಡ ವಿಷಯವೇ. ಹಳೆಯ ಏಸಿಗಳ ಆರ್-22 ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತಿತ್ತು. ಇಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ನಿಲ್ಲಿಸುವ ದಾರಿ ತೆರೆದದ್ದು 1987ರ ಮಾಂಟ್ರಿಯಲ್ ಒಪ್ಪಂದ. ಆರ್-22ರ ಬದಲಿಗೆ ಬಂದ ಆರ್-410ಎ ಓಝೋನ್‌ಗೆ ಕೇಡು ಮಾಡಲಿಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ, ಸುಮಾರು 2,000 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-32ರಲ್ಲಿ ಈ ಲೆಕ್ಕ ಸುಮಾರು 675. ಇದೂ ಸಣ್ಣದಲ್ಲ. ಅದಕ್ಕೇ ಮಾಂಟ್ರಿಯಲ್ ಒಪ್ಪಂದಕ್ಕೆ ಆದ 2016ರ ಕಿಗಾಲಿ ತಿದ್ದುಪಡಿ ಈ ಗುಂಪಿನ ಗ್ಯಾಸ್‌ಗಳನ್ನೂ ಕಡಿಮೆ ಮಾಡಲು ಹೊರಟಿತು.

ಹೊರಗಿನ ಯೂನಿಟ್ಟನ್ನು ನಾವು ಮರೆತೇಬಿಡುತ್ತೇವೆ. ಒಳಗಿಂದ ಹೊತ್ತು ತಂದ ಶಾಖ ಕೆಳಗಿಳಿಯುವುದು ಅಲ್ಲೇ. ಅದರ ಮುಂದೆ ಬಟ್ಟೆ ಒಣಹಾಕಿದರೆ, ಚಂದ ಕಾಣಲೆಂದು ಪೆಟ್ಟಿಗೆ ಕಟ್ಟಿಸಿದರೆ, ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಇನ್ನೂ ಹೆಚ್ಚಿನ ಒತ್ತಡದಲ್ಲಿ ಒದ್ದಾಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಯೂನಿಟ್ ಗುಂಯ್‌ಗುಡುತ್ತಿದೆ, ತಿರುಗುತ್ತಿಲ್ಲ ಅಂದರೆ ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ಭಾಗ ಹೋಗಿರುವ ಸಾಧ್ಯತೆ ಇದೆ. ಅದಕ್ಕೆ ಕೈ ಹಾಕಬೇಡಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಏಸಿಯಿಂದ ತೊಟ್ಟಿಕ್ಕುವ ನೀರಿಗೂ ಒಂದು ಕಥೆಯಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಈ ಯಂತ್ರದ ಮೂಲರೂಪವನ್ನು ವಿನ್ಯಾಸ ಮಾಡಿದ್ದು ಜನರಿಗೆ ತಂಪು ಕೊಡಲು ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವ ಹೆಚ್ಚುಕಡಿಮೆಯಾಗಿ ಕಾಗದ ಹಿಗ್ಗಿ ಕುಗ್ಗುತ್ತಿತ್ತು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ತೇವದ ಹಿಡಿತ. ಇಂದಿಗೂ ಏಸಿಯ ಅರ್ಧ ಸುಖ ತೇವ ತೆಗೆಯುವುದರಲ್ಲೇ ಇದೆ. ಹಾಗಾಗಿ ಸಣ್ಣ ಕೋಣೆಗೆ ದೊಡ್ಡ ಏಸಿ ತರುವುದು ಜಾಣತನ ಅಲ್ಲ. ಒಂದೇ ವೇಗದ ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ತೆಗೆಯಲು ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದರೂ ಮೈ ಅಂಟುತ್ತದೆ. ಇನ್ವರ್ಟರ್ ಏಸಿ ವೇಗ ತಗ್ಗಿಸಿಕೊಂಡು ನಿಧಾನಕ್ಕೆ ಓಡುತ್ತಲೇ ಇರುವುದರಿಂದ ಈ ತೊಂದರೆ ಕಡಿಮೆ.

ಇದೇ ಯಂತ್ರದಲ್ಲಿ ಗ್ಯಾಸ್ ಸುತ್ತುವ ದಿಕ್ಕನ್ನು ತಿರುಗಿಸಿದರೆ ಚಳಿಗಾಲದಲ್ಲಿ ಮನೆ ಬೆಚ್ಚಗಾಗುತ್ತದೆ. ಅದಕ್ಕೆ ಹೀಟ್ ಪಂಪ್ ಎನ್ನುತ್ತಾರೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ 1852ರಲ್ಲೇ ಇದರ ತತ್ತ್ವ ಹೇಳಿದ್ದರು. ಕಾಯಿಲ್ ಕೆಂಪಗೆ ಕಾಯುವ ಹೀಟರ್, ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಡುತ್ತದೆ. ಹೀಟ್ ಪಂಪ್ ಹೊರಗಿನ ತಣ್ಣನೆ ಗಾಳಿಯಿಂದಲೂ ಶಾಖ ಎತ್ತಿ ತರುವುದರಿಂದ, ವಿಪರೀತ ಚಳಿ ಇಲ್ಲದಾಗ, ಮೂರು ಯೂನಿಟ್‌ವರೆಗೂ ಕೊಡಬಲ್ಲದು. ಚಳಿಯಲ್ಲಿ ಹೊರಗಿನ ಯೂನಿಟ್ ಮೇಲೆ ಹಿಮ ಕೂರುವುದು, ಆಗಾಗ ಅದು ಆವಿ ಬಿಡುವುದು ಕಂಡು ಹೆದರಬೇಡಿ. ಹಿಮ ಕರಗಿಸಲು ಅದು ಸ್ವಲ್ಪ ಹೊತ್ತು ಹಿಂದುಮುಂದಾಗಿ ಓಡುತ್ತದೆ, ಅಷ್ಟೇ. ಗ್ಯಾಸ್ ಅಥವಾ ಎಣ್ಣೆ ಉರಿಸಿ ಮನೆ ಬಿಸಿ ಮಾಡುವವರು ಮಾತ್ರ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. ಅದರಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗುವ ಕೋಣೆಯ ಹತ್ತಿರ ಅದರ ಅಲಾರಂ ಇರಲಿ.

ಹೊಸ ಯಂತ್ರ ಕೊಳ್ಳುವ ಮುಂಚೆ ಮನೆಯನ್ನೇ ಒಮ್ಮೆ ನೋಡಿ. ಗಾಳಿ ಜೋರಾಗಿರುವ ದಿನ ತೆಳು ಟಿಶ್ಯೂ ಕಾಗದವನ್ನು ಕಿಟಕಿ ಬಾಗಿಲುಗಳ ಅಂಚಿಗೆ ಹಿಡಿಯಿರಿ. ಕಾಗದ ಅಲುಗಿದ ಜಾಗಕ್ಕೆ ರಬ್ಬರ್ ಪಟ್ಟಿ ಅಂಟಿಸಿ. ಆದರೆ ಒಳಗೆ ಏನಾದರೂ ಉರಿಸುವ ಕೋಣೆಯ ಗಾಳಿಕಿಂಡಿಯನ್ನು ಯಾವತ್ತೂ ಮುಚ್ಚಬೇಡಿ.