ಬೆನ್ನ ಮೇಲೆ ಮೊಟ್ಟೆ ಹೊತ್ತ ಅಪ್ಪ

ಹೋದ ಮುಂಗಾರಿನಲ್ಲಿ ಗಂಗಾವತಿ ಕಡೆಯ ರೈತರೊಬ್ಬರು ನೀರಿನ ಬಾಟಲಿ ಹಿಡಿದು ಬಂದರು. ಒಳಗೊಂದು ಚಪ್ಪಟೆ ಕಂದು ಹುಳ. 'ಸರ್, ಇದರ ಬೆನ್ನಿಗೆ ಏನೋ ರೋಗ ಹತ್ತೇತ್ರಿ. ನೆಲ್ಲಿಗೆ ಹಬ್ಬತೈತೇನು ನೋಡ್ರಿ' ಅಂದರು.

ಲೆನ್ಸ್ ಹಿಡಿದು ಇಬ್ಬರೂ ನೋಡಿದೆವು. ಸಜ್ಜೆ ಕಾಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅಂಟಿಸಿದ ಹಾಗೆ ಬೆನ್ನ ತುಂಬ ಮೊಟ್ಟೆ. ಹೊತ್ತಿದ್ದದ್ದು ಗಂಡು.

ಇದು ನೀರುತಿಗಣೆ, ಡಿಪ್ಲೊನೈಕಸ್. ನಮ್ಮ ಕೆರೆಗಳಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಹುಡುಕಿದರೆ ಸಿಗುತ್ತದೆ. ಹೆಣ್ಣು ಗಂಡಿನ ಬೆನ್ನಿಗೇ ಮೊಟ್ಟೆ ಅಂಟಿಸುತ್ತದೆ. ಮರಿ ಆಗುವವರೆಗೆ ಗಂಡಿಗೆ ರೆಕ್ಕೆ ಬಿಚ್ಚಲು ಆಗುವುದಿಲ್ಲ. ಮೊಟ್ಟೆಗೆ ಗಾಳಿ ತಾಕಲಿ ಅಂತ ಆಗಾಗ ನೀರಿನ ಮೇಲಕ್ಕೆ ಬರುತ್ತದೆ. ಕಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸಿ, ಮೊಟ್ಟೆಗಳ ನಡುವೆ ಹೊಸ ನೀರು ಹರಿಸುತ್ತದೆ.

ಇಷ್ಟು ಕಷ್ಟ ಯಾಕೆ? ಹತ್ತಿಯ ಕಾಯಿಕೊರಕ ಪತಂಗ ನೂರಾರು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಹೆಚ್ಚಿನ ಹುಳಗಳ ದಾರಿ ಅದೇ. ಆದರೆ ನೀರುತಿಗಣೆಯ ಬಳಗದಲ್ಲಿ ಮೈ ದೊಡ್ಡದಾಯಿತು, ಮೊಟ್ಟೆಯೂ ದೊಡ್ಡದಾಯಿತು. ದೊಡ್ಡ ಮೊಟ್ಟೆಗೆ ಆಮ್ಲಜನಕ ಜಾಸ್ತಿ ಬೇಕು. ನೀರೊಳಗೆ ಬಿಟ್ಟರೆ ಉಸಿರು ಕಟ್ಟುತ್ತದೆ, ಹೊರಗೆ ಬಿಟ್ಟರೆ ಒಣಗುತ್ತದೆ. ಇದರ ದೊಡ್ಡ ದಾಯಾದಿ ಲೆಥೋಸೆರಸ್‌ನಲ್ಲಿ ಹೆಣ್ಣು ನೀರಿನಿಂದ ಮೇಲೆ ಎದ್ದ ಕಡ್ಡಿಯಲ್ಲಿ ಮೊಟ್ಟೆ ಇಡುತ್ತದೆ, ಗಂಡು ಹತ್ತಿ ಹತ್ತಿ ನೀರುಣಿಸುತ್ತದೆ.

ಆದರೆ ಮರಿ ತನ್ನದೇ ಅಂತ ಗಂಡಿಗೆ ಏನು ಖಾತ್ರಿ? 1979ರಲ್ಲಿ ಅಮೆರಿಕದ ಕೀಟ ವಿಜ್ಞಾನಿ ರಾಬರ್ಟ್ ಸ್ಮಿತ್ ಇಂಥದ್ದೇ ಹುಳ ಅಬೆಡಸ್‌ನ ಬಗ್ಗೆ ಬರೆದರು. ಗಂಡು ಮೊದಲು ಕೂಡುತ್ತದೆ, ಕೆಲವೇ ಮೊಟ್ಟೆಗೆ ಜಾಗ ಕೊಡುತ್ತದೆ, ಮತ್ತೆ ಕೂಡುತ್ತದೆ. ಹೀಗಾಗಿ ಹೊತ್ತ ಮರಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದರವೇ. ಮಗುವಿನಲ್ಲಿ ಅಪ್ಪನ ಅರ್ಧ ಜೀನು, ಅಂದರೆ ವಂಶವಾಹಿ, ಇರುತ್ತದೆ ಅಲ್ವಾ, ಹೊರುವ ಗುಣವೂ ಆ ಮರಿಗಳ ಜೊತೆ ಮುಂದಕ್ಕೆ ದಾಟುತ್ತದೆ.

ಹಾಗಾದರೆ ಮಮತೆಗೇ ಅಂತ ಒಂದು ಜೀನು ಇದೆಯೇ? ಇಲ್ಲ ಅಂತ ನನಗೆ ತೋರಿಸಿಕೊಟ್ಟದ್ದು ಯುರೋಪಿನ ಹೂಳುವ ದುಂಬಿ, ನೈಕ್ರೊಫೋರಸ್. ಸತ್ತ ಇಲಿ, ಹಕ್ಕಿಯನ್ನು ಮಣ್ಣಲ್ಲಿ ಹೂತು, ಅಪ್ಪ ಅಮ್ಮ ಇಬ್ಬರೂ ಮರಿಗಳ ಬಾಯಿಗೆ ತುತ್ತಿಡುತ್ತವೆ. ತನ್ನ ಮರಿ ಹುಟ್ಟುವ ಹೊತ್ತಿಗೆ ಮುಂಚೆ ಯಾವ ಮರಿ ಕಣ್ಣಿಗೆ ಬಿದ್ದರೂ ಅದೇ ದುಂಬಿ ತಿಂದುಬಿಡುತ್ತದೆ! ಇದರ ಪೂರ್ತಿ ಜೀನೋಮ್, ಅಂದರೆ ಎಲ್ಲ ಜೀನುಗಳ ಬರಹ, ಓದಿದ್ದು 2015ರಲ್ಲಿ. ಮರಿ ಸಾಕುವಾಗ ಅದರ ಮಿದುಳಿನಲ್ಲಿ ಏರಿಳಿಯುವುದು ಹಸಿವು, ಕೂಡುವಿಕೆ, ಜಗಳಗಳನ್ನು ನಡೆಸುವ ಹಳೆಯ ರಾಸಾಯನಿಕಗಳೇ. ಹಳೆಯ ಜೀನುಗಳೇ ಹೊತ್ತಿಗೆ ತಕ್ಕಂತೆ ಹೊಸ ಕೆಲಸಕ್ಕೆ ನಿಂತಿವೆ. ತಿನ್ನುವ ಬಾಯಿ ಉಣಿಸುವ ಬಾಯಿ ಆಗುತ್ತದೆ.

ನೀರುತಿಗಣೆ ನೆಲ್ಲಿಗೆ ಏನೂ ಮಾಡುವುದಿಲ್ಲ, ಸೊಳ್ಳೆ ಮರಿ ತಿನ್ನುತ್ತದೆ. ಕೈಗೆ ಮಾತ್ರ ಕಚ್ಚುತ್ತದೆ, ಜೋರಾಗಿ ಉರಿಯುತ್ತದೆ. ಸುಮ್ನೆ ಗದ್ದೆಯ ನೀರಿಗೆ ಗುಳಿಗೆ ಔಷಧಿ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಉಳಿದವು ಹಾರಿ ಪಾರಾಗಬಹುದು, ಮೊಟ್ಟೆ ಹೊತ್ತದ್ದು ಹಾರಲಾರದು.

'ಅವರವ್ವ ಎಲ್ಲಿ ಹೋದಳ್ರಿ ಮತ್ತ?' ಅಂತ ರೈತರು ಕೇಳಿದರು. ತಿಂದು, ಮುಂದಿನ ಮೊಟ್ಟೆ ತುಂಬಿಕೊಂಡು, ಇನ್ನೊಂದು ಖಾಲಿ ಬೆನ್ನು ಹುಡುಕುತ್ತದೆ ಅಂದೆ.

ಹುಳವನ್ನು ಅಗಲವಾದ ಬೋಗುಣಿಗೆ ಬಿಟ್ಟೆವು. ನಾಲ್ಕನೇ ಬೆಳಿಗ್ಗೆ ನೀರಿನ ತುಂಬ ಎಳ್ಳಿನಷ್ಟು ಮರಿಗಳು. ಅಪ್ಪ ಹಿಂಗಾಲಿನಿಂದ ಬೆನ್ನು ಉಜ್ಜುತ್ತಿತ್ತು, ಖಾಲಿ ಚಿಪ್ಪಿನ ಹಾಳೆ ಅರ್ಧ ಕಳಚಿತ್ತು.