ವಾರ್ಡ್ ಮರುವಿಂಗಡಣೆ: 198, 243, 225, 369ರ ಹಿಂದಿನ ಲೆಕ್ಕ

ಸ್ಥಳೀಯ ಆಡಳಿತದ ಪಾಠ ಓದುವಾಗ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಪಾಲಿಕೆಗೆ ಎಷ್ಟು ಸದಸ್ಯರು ಬೇಕು? ಅವರ ವಾರ್ಡಿನ ಗೆರೆ ಎಲ್ಲಿ ಹಾದುಹೋಗಬೇಕು? ಮೊದಲನೆಯದು ಕಾಯ್ದೆ ಮತ್ತು ಸರ್ಕಾರದ ತೀರ್ಮಾನ. ಎರಡನೆಯದು ಜನಗಣತಿ ಹಿಡಿದು ಮಾಡುವ ಹಂಚಿಕೆ. ಬೆಂಗಳೂರನ್ನು ನೋಡಿದರೆ ಎರಡೂ ಬೇರೆಬೇರೆ ಅನ್ನುವುದು ಬೇಗ ತಿಳಿಯುತ್ತದೆ.

2007ರಲ್ಲಿ 100 ವಾರ್ಡುಗಳ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಜಾಸ್ತಿ ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2009ರಲ್ಲಿ 198 ವಾರ್ಡ್ ಮಾಡಿದರು. 2010, 2015ರ ಚುನಾವಣೆ ಇದರ ಮೇಲೆಯೇ ನಡೆದವು. 2022ರಲ್ಲಿ 243 ವಾರ್ಡ್ ಅಂದರು. ಸರ್ಕಾರ ಬದಲಾಯಿತು, 2023ರಲ್ಲಿ ಅದು 225 ಆಯಿತು. 2025ರಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆ ಬಂದವು, ಒಟ್ಟು 369 ವಾರ್ಡ್.

ಈಗ ಭಾಗಾಕಾರ ಮಾಡಿ. 2011ರ ಜನಗಣತಿ ಪ್ರಕಾರ ಬಿಬಿಎಂಪಿ ಜನಸಂಖ್ಯೆ ಸುಮಾರು 84.43 ಲಕ್ಷ. 243 ವಾರ್ಡ್ ಆದರೆ ಸರಾಸರಿ ಸುಮಾರು 34,700 ಜನ. 225 ಆದರೆ 37,500. 369 ಆದರೆ 22,900ರ ಹತ್ತಿರ. ಭಾಗಿಸುವ ಸಂಖ್ಯೆ ಮೂರು ಸಲ ಬದಲಾಯಿತು, 84.43 ಲಕ್ಷ ಮಾತ್ರ ಅಲ್ಲೇ ನಿಂತಿದೆ. ಯಾಕೆ? ಸಂವಿಧಾನದ 243ಪಿ ವಿಧಿಯಲ್ಲಿ 'ಜನಸಂಖ್ಯೆ' ಅಂದರೆ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಲೆಕ್ಕ. 2021ರಲ್ಲಿ ಗಣತಿ ನಡೆಯಲೇ ಇಲ್ಲವಲ್ಲ!

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಹೊರಮಾವು ವಾರ್ಡ್ ಒಳ್ಳೆಯ ಉದಾಹರಣೆ. 2009ರ ಗೆರೆ ಎಳೆದದ್ದು 2001ರ ಲೆಕ್ಕದ ಮೇಲೆ. ಆಗ ಅಲ್ಲಿ ಸುಮಾರು 31 ಸಾವಿರ ಜನ, ಸರಾಸರಿಗೆ ಹತ್ತಿರವೇ. 2011ರ ಗಣತಿಯಲ್ಲಿ ಅದು 95 ಸಾವಿರದ ಆಸುಪಾಸಿಗೆ ಹೋಯಿತು. ಬೇಗೂರಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಮಧ್ಯದ ಹಳೇ ಬಡಾವಣೆಗಳು ಅಷ್ಟು ಬೆಳೆಯಲಿಲ್ಲ. ಅಂದರೆ ಹೊರವಲಯದ ಒಂದು ಮತದ ತೂಕ ಕಡಿಮೆಯಾಯಿತು. 2011ರ ಲೆಕ್ಕದ ಮೇಲೆ 2025ರಲ್ಲಿ ಎಳೆದ ಗೆರೆಗೂ ಇದೇ ರೋಗ ಇದೆ. ನನ್ನ ಪ್ರಕಾರ ವಾರ್ಡ್ 225 ಇರಬೇಕೋ 369 ಇರಬೇಕೋ ಅನ್ನುವ ಜಗಳಕ್ಕಿಂತ ಇದು ದೊಡ್ಡ ವಿಷಯ.

ಸಂಖ್ಯೆಯ ಜಗಳವೂ ಸುಮ್ನೆ ಅಲ್ಲ, ನಿಜ. ವಾರ್ಡ್ ಚಿಕ್ಕದಾದರೆ ಕಾರ್ಪೊರೇಟರ್ ಕೈಗೆ ಸಿಗುತ್ತಾರೆ. ಆದರೆ ಅನುದಾನ ಚೂರುಚೂರಾಗುತ್ತದೆ. ಕೆನಡಾದ ಟೊರೊಂಟೊದಲ್ಲಿ ಉಲ್ಟಾ ನಡೆಯಿತು. 2018ರಲ್ಲಿ ಚುನಾವಣಾ ಪ್ರಚಾರ ನಡೆಯುತ್ತಿರುವಾಗಲೇ ಒಂಟಾರಿಯೊ ಸರ್ಕಾರ 47 ವಾರ್ಡ್ ಆಗಬೇಕಿದ್ದನ್ನು 25ಕ್ಕೆ ಇಳಿಸಿತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಿಂದ ಅದನ್ನು ಎತ್ತಿಹಿಡಿಯಿತು.

ನಮ್ಮಲ್ಲಿ ಕ್ರಮ ಹೀಗೆ: ಕರಡು ಅಧಿಸೂಚನೆ, ಆಕ್ಷೇಪಣೆಗೆ ಕಾಲಾವಕಾಶ, ಅಂತಿಮ ಅಧಿಸೂಚನೆ, ಆಮೇಲೆ ಮೀಸಲಾತಿ ಪಟ್ಟಿ. ಅಧಿಸೂಚನೆ ಓದುವಾಗ ಚೆಕ್ಕುಬಂದಿ, ಅಂದರೆ ವಾರ್ಡಿನ ನಾಲ್ಕೂ ಕಡೆಯ ಗಡಿ, ನೋಡಿ. ರಸ್ತೆ, ರಾಜಕಾಲುವೆ, ರೈಲು ಹಳಿ ಗಡಿಯಾಗಿದ್ದರೆ ಜನರಿಗೂ ತಿಳಿಯುತ್ತದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಇನ್ನೊಂದಿದೆ. ಲೋಕಸಭೆ, ವಿಧಾನಸಭೆ ಸ್ಥಾನಗಳ ಸಂಖ್ಯೆ ಬದಲಿಸದಂತೆ ಇರುವ ತಡೆ ಪಾಲಿಕೆಗೆ ಅನ್ವಯಿಸುವುದಿಲ್ಲ. 243ಝಡ್‌ಜಿ ವಿಧಿ ವಾರ್ಡ್ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸದಂತೆ ತಡೆಯುತ್ತದೆ. 243ಯು ಪ್ರಕಾರ ಪಾಲಿಕೆಯ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಮರುವಿಂಗಡಣೆಯ ನೆಪದಲ್ಲಿ ಇದನ್ನು ಮುಂದೂಡುವಂತಿಲ್ಲ ಎಂದು 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು. 243 ವಾರ್ಡಿಗೂ 225 ವಾರ್ಡಿಗೂ ಒಂದು ಚುನಾವಣೆಯೂ ನಡೆಯದೆ 2025ರಲ್ಲಿ ಬಿಬಿಎಂಪಿಯೇ ಇಲ್ಲವಾಯಿತು.