ಪ್ರಾಡಕ್ಟ್ ಪ್ಲಾಟ್‌ಫಾರ್ಮ್ ಅಂದರೆ ಏನು?

"ಈ ಎರಡೂ ಕಾರು ಒಂದೇ ಪ್ಲಾಟ್‌ಫಾರ್ಮ್ ಮೇಲೆ ತಯಾರಾಗಿವೆ" ಅನ್ನುವ ಮಾತು ವಾಹನಗಳ ಬಗ್ಗೆ ಓದುವವರ ಕಣ್ಣಿಗೆ ಆಗಾಗ ಬೀಳುತ್ತದೆ. ಓ, ಹಾಗಾದ್ರೆ ಒಳಗೆಲ್ಲ ಒಂದೇ, ಮೇಲಿನ ತಗಡು ಮತ್ತು ಹೆಸರು ಮಾತ್ರ ಬೇರೆ ಅಂದುಕೊಳ್ಳುವವರೇ ಜಾಸ್ತಿ. ಕೆಲವು ಸಲ ಅದು ನಿಜವೂ ಹೌದು, ಅದಕ್ಕೆ ಆಮೇಲೆ ಬರೋಣ.

ಒಂದು ಕಂಪನಿ ಪ್ರತಿ ಉತ್ಪನ್ನವನ್ನೂ ಸೊನ್ನೆಯಿಂದ ವಿನ್ಯಾಸ ಮಾಡುವುದು ಬಿಟ್ಟು, ಒಂದಕ್ಕೊಂದು ನಂಟಿರುವ ಹಲವು ಉತ್ಪನ್ನಗಳಿಗೆ ಒಂದೇ ಬುನಾದಿಯನ್ನು ಮೊದಲೇ ಯೋಚಿಸಿ ಕಟ್ಟಿಕೊಂಡರೆ, ಆ ಬುನಾದಿಯೇ ಪ್ರಾಡಕ್ಟ್ ಪ್ಲಾಟ್‌ಫಾರ್ಮ್. ಅದರ ಮೇಲೆ ಹುಟ್ಟುವ ಉತ್ಪನ್ನಗಳೆಲ್ಲ ಸೇರಿ ಪ್ರಾಡಕ್ಟ್ ಫ್ಯಾಮಿಲಿ. ಈ ಬುನಾದಿ ಕೈಗೆ ಸಿಗುವ ವಸ್ತುವೇ ಆಗಿರಬೇಕು ಅಂತೇನಿಲ್ಲ. ಒಂದು ಅಳತೆ ಆಗಬಹುದು, ಎರಡು ಭಾಗಗಳು ಕೂಡುವ ರೀತಿ ಆಗಬಹುದು, ತಯಾರಿಸುವ ವಿಧಾನವೂ ಆಗಬಹುದು. ಯಾವುದು ಏನೇ ಆದರೂ ಬದಲಾಗಬಾರದು, ಯಾವುದು ಬೇಕಾದಂತೆ ಬದಲಾಗಬಹುದು ಅಂತ ಮೊದಲೇ ಗೆರೆ ಎಳೆಯುವುದೇ ಇಲ್ಲಿ ಅಸಲಿ ಕೆಲಸ.

ಬಿಡಿಭಾಗಗಳೇ ಬೇರೆ ಬೇರೆ ಇದ್ದರೂ ಪ್ಲಾಟ್‌ಫಾರ್ಮ್ ಇರಬಹುದಾ? ಇರಬಹುದು. 1964ರಲ್ಲಿ ಐಬಿಎಂ ಸಿಸ್ಟಮ್/360 ಅನ್ನುವ ಕಂಪ್ಯೂಟರ್ ಕುಟುಂಬವನ್ನು ಘೋಷಿಸಿತು. ಅದಕ್ಕೂ ಮುಂಚೆ ಅದೇ ಕಂಪನಿಯ ಸಣ್ಣ ಯಂತ್ರದಿಂದ ದೊಡ್ಡದಕ್ಕೆ ಹೋಗಬೇಕಾದರೆ ಎಷ್ಟೋ ಸಲ ಪ್ರೋಗ್ರಾಮ್‌ಗಳನ್ನೇ ಹೊಸದಾಗಿ ಬರೆಯಬೇಕಿತ್ತು. 360ರಲ್ಲಿ ಸಣ್ಣ ಮಾಡೆಲ್‌ಗೂ ದೊಡ್ಡ ಮಾಡೆಲ್‌ಗೂ ಒಳಗಿನ ಸರ್ಕ್ಯೂಟ್ ರಚನೆ ಬೇರೆಬೇರೆ, ವೇಗ ಬೇರೆ, ಬೆಲೆಯಂತೂ ಬೇರೆಯೇ. ಆದರೆ ಯಂತ್ರಕ್ಕೆ ಅರ್ಥವಾಗುವ ಆದೇಶಗಳ ಪಟ್ಟಿ ಒಂದೇ. ಹಂಚಿಕೊಂಡಿದ್ದರಲ್ಲಿ ಮುಖ್ಯವಾದದ್ದು ಅದೇ.

ಫೋಕ್ಸ್‌ವ್ಯಾಗನ್ ಗುಂಪು 2012ರಲ್ಲಿ ತಂದ ಎಂಕ್ಯೂಬಿ ಪ್ಲಾಟ್‌ಫಾರ್ಮ್‌ನಲ್ಲೂ ಇಂಥದೇ ಒಂದು ಗೆರೆ ಇದೆ. ಅದರಲ್ಲಿ ಕಾರಿನ ಉದ್ದ, ಅಗಲ, ಎರಡು ಅಚ್ಚುಗಳ ನಡುವಿನ ದೂರ ಎಲ್ಲವನ್ನೂ ಬದಲಿಸಬಹುದು. ಮುಂದಿನ ಚಕ್ರದ ನಡುವಿನಿಂದ ಪೆಡಲ್‌ವರೆಗಿನ ದೂರ ಮಾತ್ರ ಗಟ್ಟಿ. ಅದೇ ಯಾಕೆ? ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಬ್ರೇಕ್ ಎಲ್ಲ ಒತ್ತೊತ್ತಾಗಿ ಕೂರುವ ಜಾಗ ಅದು. ವಿನ್ಯಾಸಕ್ಕೂ ಪರೀಕ್ಷೆಗೂ ಹೆಚ್ಚು ದುಡ್ಡು ತಿನ್ನುವುದೂ ಅದೇ. ಅದನ್ನೊಂದು ಸಲ ಸರಿಯಾಗಿ ಮಾಡಿಟ್ಟರೆ ಅದರ ಹಿಂದೆ ಗಾಲ್ಫ್‌ನಂಥ ಕಾರನ್ನೂ ಕಟ್ಟಬಹುದು, ಮೂರು ಸಾಲು ಸೀಟಿನ ಅಟ್ಲಾಸ್‌ನಂಥ ದೊಡ್ಡ ಗಾಡಿಯನ್ನೂ ಕಟ್ಟಬಹುದು.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟದ ಕಥೆ ಬ್ಲ್ಯಾಕ್ ಆ್ಯಂಡ್ ಡೆಕ್ಕರ್‌ನದು. 1970ರ ದಶಕದ ಆರಂಭ. ಕೈಯಲ್ಲಿ ಹಿಡಿದು ಬಳಸುವ ಡ್ರಿಲ್, ಗರಗಸ, ಸ್ಯಾಂಡರ್‌ಗಳಿಗೆ ಡಬಲ್ ಇನ್ಸುಲೇಷನ್ ಬೇಕಾಗುವ ಕಾಲ ಬಂದಿತ್ತು, ಅಂದರೆ ಒಳಗೆ ಏನಾದರೂ ಕೆಟ್ಟರೂ ಹಿಡಿದವರಿಗೆ ಶಾಕ್ ಹೊಡೆಯದಂತೆ ಇನ್ನೊಂದು ಪದರದ ರಕ್ಷಣೆ. ಕಂಪನಿಯ ಬಳಿ ನೂರಕ್ಕೂ ಜಾಸ್ತಿ ಬಗೆಯ ಉಪಕರಣಗಳು, ಅವುಗಳಲ್ಲಿ ಸುಮಾರು 30 ಬಗೆಯ ಮೋಟಾರ್‌ಗಳು. ಒಂದೊಂದನ್ನೇ ತೆಗೆದುಕೊಂಡು ತೇಪೆ ಹಾಕುತ್ತಾ ಹೋಗಬಹುದಿತ್ತು, ಬಹಳಷ್ಟು ಕಡೆ ಆಗುವುದೂ ಅದೇ ತಾನೇ? ಇವರು ಹೇಗಿದ್ದರೂ ಎಲ್ಲವನ್ನೂ ಮುಟ್ಟಲೇಬೇಕಲ್ಲ ಅಂತ ಇಡೀ ಸಾಲನ್ನೇ ಒಟ್ಟಿಗೆ ಹೊಸದಾಗಿ ವಿನ್ಯಾಸ ಮಾಡಿದರು. ಮೋಟಾರ್‌ನ ಅಡ್ಡಳತೆ ಎಲ್ಲದಕ್ಕೂ ಒಂದೇ, ಶಕ್ತಿ ಹೆಚ್ಚು ಬೇಕಾದರೆ ಉದ್ದ ಹೆಚ್ಚಿಸುವುದು, ಅಷ್ಟೇ. ಹೀಗೆ 60 ವ್ಯಾಟ್‌ನಿಂದ 650 ವ್ಯಾಟ್‌ವರೆಗೆ ಒಂದೇ ವಿನ್ಯಾಸ ಎಳೆಯಿತು. ಅಡ್ಡಳತೆ ಒಂದೇ ಆದ್ದರಿಂದ ಎಲ್ಲ ಮೋಟಾರ್‌ಗಳೂ ಒಂದೇ ಬಗೆಯ ಯಂತ್ರಗಳಲ್ಲಿ ತಯಾರಾಗಬಹುದಿತ್ತು. ಖರ್ಚು ಇಳಿಯಿತು, ಹೊಸ ಉಪಕರಣಗಳನ್ನು ಬೇಗ ಬೇಗ ತರುವುದಕ್ಕೂ ಆಯಿತು.

ಒಂದೇ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಕುಟುಂಬ ಕಟ್ಟುವ ಈ ದಾರಿಗೆ ಸ್ಕೇಲಿಂಗ್ ಅನ್ನುತ್ತಾರೆ. ಇನ್ನೊಂದು ದಾರಿ ಮಾಡ್ಯುಲರ್, ಅಂದರೆ ಭಾಗಗಳನ್ನು ಕಳಚಿ ಬೇರೆಯದನ್ನು ಸೇರಿಸುವುದು. ಬ್ಯಾಟರಿ ಒಂದೇ, ಅದನ್ನು ಡ್ರಿಲ್‌ಗೂ ಹಾಕಬಹುದು, ಗರಗಸಕ್ಕೂ ಹಾಕಬಹುದು. ಹಿಗ್ಗಿಸುವುದಕ್ಕೂ ಮಿತಿ ಇರುತ್ತದೆ. ಏರ್‌ಬಸ್ ಎ320 ಕುಟುಂಬದಲ್ಲಿ ಎ318ರಿಂದ ಎ321ರವರೆಗೆ ಮುಖ್ಯವಾಗಿ ಬದಲಾಗುವುದು ಒಡಲಿನ ಉದ್ದ. ಕಾಕ್‌ಪಿಟ್ ಒಂದೇ ಆದ್ದರಿಂದ ಪೈಲಟ್‌ಗಳಿಗೆ ನಾಲ್ಕಕ್ಕೂ ಸೇರಿ ಒಂದೇ ಟೈಪ್ ರೇಟಿಂಗ್, ಅಂದರೆ ಆ ಬಗೆಯ ವಿಮಾನ ಹಾರಿಸುವ ಅನುಮತಿ, ಸಾಕು. ಆದರೆ ಉದ್ದವಾದ, ಭಾರವಾದ ಎ321ಕ್ಕೆ ರೆಕ್ಕೆಯ ಫ್ಲ್ಯಾಪ್‌ಗಳನ್ನು (ಏರುವಾಗ, ಇಳಿಯುವಾಗ ರೆಕ್ಕೆಯ ಹಿಂದೆ ಹೊರಚಾಚುವ ಪಟ್ಟಿಗಳನ್ನು) ಬದಲಿಸಲೇಬೇಕಾಯಿತು.

ಇದೆಲ್ಲ ಪುಕ್ಕಟೆ ಸಿಗುವುದಿಲ್ಲ. ದೊಡ್ಡ ಮಾಡೆಲ್‌ನ ಭಾರ ತಡೆಯುವ ಭಾಗವನ್ನೇ ಚಿಕ್ಕದಕ್ಕೂ ಹಾಕಿದರೆ, ಚಿಕ್ಕದು ತನಗೆ ಬೇಡದ ತೂಕ ಮತ್ತು ಖರ್ಚನ್ನು ಸುಮ್ನೆ ಹೊರುತ್ತದೆ. ಹಂಚಿಕೊಂಡ ಭಾಗದಲ್ಲಿ ದೋಷ ಕಂಡರೆ ಇಡೀ ಕುಟುಂಬವನ್ನೇ ವಾಪಸ್ ಕರೆಸಬೇಕಾಗಬಹುದು. ಜಾಸ್ತಿ ಹಂಚಿಕೊಂಡರೆ ಗಿರಾಕಿಗೆ ಗೊತ್ತಾಗಿಬಿಡುತ್ತದೆ. ಜನರಲ್ ಮೋಟರ್ಸ್ 1981ರಲ್ಲಿ ಕ್ಯಾಡಿಲಾಕ್ ಸಿಮರಾನ್ ತಂದಾಗ ಆಗಿದ್ದು ಇದೇ. ಅಗ್ಗದ ಷೆವ್ರೊಲೆ ಕ್ಯಾವಲಿಯರ್‌ನ ಬುನಾದಿಯ ಮೇಲೆ, ನೋಟದಲ್ಲೂ ಅದನ್ನೇ ಹೋಲುವ ಕಾರಿಗೆ ದುಬಾರಿ ಬ್ರ್ಯಾಂಡ್‌ನ ಹೆಸರು ಅಂಟಿಸಿದ್ದರು. ಜನ ಒಪ್ಪಲಿಲ್ಲ, 1988ಕ್ಕೆ ನಿಲ್ಲಿಸಿದರು. ಗಿರಾಕಿಯ ಕಣ್ಣಿಗೆ ಕಾಣದ್ದನ್ನು ಹಂಚಿಕೊಳ್ಳಿ, ಕಾಣುವುದನ್ನು ಬೇರೆ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಅರ್ಧ ಸರಿ ಅನಿಸುತ್ತದೆ. ಎಂಜಿನ್ ಕಣ್ಣಿಗೆ ಕಾಣದಿದ್ದರೂ ಅದರ ಸದ್ದು, ನಡುಕ ಓಡಿಸುವವರಿಗೆ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ತೊಂದರೆ ನಿಧಾನಕ್ಕೆ ಬರುವಂಥದ್ದು. ಹಂಚಿಕೆ ಕಾಗದದ ಮೇಲೆ ಇದ್ದಷ್ಟು ಕೊನೆಗೆ ಉಳಿಯುವುದಿಲ್ಲ. ಅಮೆರಿಕದ ಎಫ್-35 ಯುದ್ಧವಿಮಾನಕ್ಕೆ ಮೂರು ರೂಪ: ಒಂದು ಮಾಮೂಲಿ ರನ್‌ವೇಗೆ, ಒಂದು ನೆಟ್ಟಗೆ ಕೆಳಗಿಳಿಯಬಲ್ಲದ್ದು, ಒಂದು ವಿಮಾನವಾಹಕ ಹಡಗಿಗೆ. ಶೇ. 70ಕ್ಕಿಂತ ಹೆಚ್ಚು ಭಾಗ ಒಂದೇ ಇರಬೇಕು ಅನ್ನುವುದು ಶುರುವಿನ ಆಸೆ. ನೆಟ್ಟಗೆ ಇಳಿಯಲು ಒಂದಕ್ಕೆ ದೊಡ್ಡ ಲಿಫ್ಟ್ ಫ್ಯಾನ್ ಬೇಕಾಯಿತು, ಹಡಗಿನದಕ್ಕೆ ದೊಡ್ಡ ರೆಕ್ಕೆ. 2016ರಲ್ಲಿ ಯೋಜನೆಯ ಮುಖ್ಯಸ್ಥರೇ ಮೂರಕ್ಕೂ ಒಂದೇ ಆಗಿರುವ ಭಾಗ ಶೇ. 20–25ಕ್ಕೆ ಇಳಿದಿದೆ ಅಂದರು.

ಕಂಪನಿಗಳ ಒಳಗೂ ಹೀಗೆ ಜಾರುವುದಕ್ಕೆ ಕಾರಣ ಬರೀ ತಾಂತ್ರಿಕವಲ್ಲ. ಬುನಾದಿ ಕಟ್ಟುವ ಖರ್ಚು ಮೊದಲ ಉತ್ಪನ್ನದ ತಂಡದ ಲೆಕ್ಕಕ್ಕೆ ಬೀಳುತ್ತದೆ, ಲಾಭ ಸಿಗುವುದು ನಾಲ್ಕು ವರ್ಷದ ನಂತರ ಬರುವ ಮೂರನೆಯ ಉತ್ಪನ್ನದ ತಂಡಕ್ಕೆ. ಆ ಮೊದಲ ತಂಡದ ಮ್ಯಾನೇಜರ್‌ಗೆ ಗಡುವು ತಲೆ ಮೇಲೆ ಕೂತಿರುವಾಗ, ಇನ್ನೂ ಹುಟ್ಟದ ಉತ್ಪನ್ನಕ್ಕೋಸ್ಕರ ತನ್ನ ಬಜೆಟ್‌ನಲ್ಲಿ ಜಾಗ ಬಿಡು ಅಂದರೆ ಯಾಕೆ ಬಿಡುತ್ತಾರೆ? ಅದಕ್ಕೇ ಇದನ್ನು ಗಂಭೀರವಾಗಿ ಮಾಡುವ ಕಡೆ ಪ್ಲಾಟ್‌ಫಾರ್ಮ್‌ಗೆ ಬೇರೆ ತಂಡ, ಬೇರೆ ಬಜೆಟ್ ಇರುತ್ತದೆ. ಹಂಚಿಕೊಂಡ ಭಾಗವನ್ನು ಬದಲಿಸಬೇಕೆಂದರೆ ಉತ್ಪನ್ನದ ತಂಡ ಆ ತಂಡದ ಒಪ್ಪಿಗೆ ಪಡೆಯಬೇಕು.